ಮೋಲ್ ಮತ್ತು ಮಾತ್: ಕತ್ತಲಲ್ಲಿ ಯಾರಿಗೆ ಏನು ಗೊತ್ತಾಗುತ್ತದೆ?

ಪ್ರಶ್ನೆ: ಮಗಳ ಇಂಗ್ಲಿಷ್ ಪುಸ್ತಕದಲ್ಲಿ ಮೋಲ್, ಮಾತ್ ಎರಡೂ ಅಕ್ಕಪಕ್ಕ ಬಂದಿವೆ. ಎರಡೂ ಕತ್ತಲಲ್ಲಿ ಓಡಾಡುತ್ತವಂತೆ. ಇವಕ್ಕೆ ಏನಾದರೂ ಸಂಬಂಧ ಇದೆಯಾ? ನಮ್ಮ ಸೊಸೈಟಿಯ ತೋಟದಲ್ಲಿ ರಾತ್ರಿ ಮಣ್ಣು ಎತ್ತಿಹಾಕುವುದು ಮೋಲ್ ಇರಬಹುದಾ?
– ಮುಂಬೈಯ ಗೋರೆಗಾಂವ್‌ನ ಓದುಗರೊಬ್ಬರು

ತೋಟದ ವಿಷಯ ಮೊದಲು ಮುಗಿಸೋಣ. ಅದು ಮೋಲ್ ಅಲ್ಲ. ಮೋಲ್ ಅಂದರೆ ನೆಲದಡಿ ಬಿಲ ತೋಡಿ, ಹುಳು ತಿಂದು ಬದುಕುವ ಪುಟ್ಟ ಪ್ರಾಣಿ. ಭಾರತದಲ್ಲಿ ಮೋಲ್ ಇರುವುದು ಹಿಮಾಲಯದ ಕಡೆ ಮತ್ತು ಈಶಾನ್ಯದಲ್ಲಿ. ನಿಮ್ಮಲ್ಲಿ ಮಣ್ಣು ಅಗೆಯುತ್ತಿರುವುದು ಬಹುಶಃ ಹೆಗ್ಗಣ, ಇಲ್ಲಿನವರು ಹೇಳುವ ಘೂಸ್. ಆದರೆ ಮೋಲ್‌ನ ನೆಂಟನೊಬ್ಬ ಮುಂಬೈಯಲ್ಲೂ ಇದ್ದಾನೆ. ಗೋಡೆ ಬದಿಯಲ್ಲೇ ಚೀಂ ಚೀಂ ಎಂದು ಓಡುವ ಉದ್ದ ಮೂತಿಯ ಸೊಂಡಿಲಿ, ಮರಾಠಿಯ ಚಿಚುಂದ್ರಿ. ಹುಳುಹುಪ್ಪಟೆ ತಿಂದುಕೊಂಡಿರುವ ಅದನ್ನು ಇಲಿ ಅಂದುಕೊಂಡು ಹೊಡೆಯುತ್ತಾರೆ, ಪಾಪ.

ಮೋಲ್ ಮರಿಗೆ ಹಾಲೂಡಿಸುವ ಪ್ರಾಣಿ, ಮಾತ್ ಅಂದರೆ ಪತಂಗ, ಒಂದು ಕೀಟ. ಸಂಬಂಧ ಏನೂ ಇಲ್ಲ. ಆದರೂ ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡುವುದು ನನಗೆ ತುಂಬಾ ಇಷ್ಟ.

ಉತ್ತರ ಅಮೆರಿಕದ ಪೂರ್ವ ಭಾಗದ ಜೌಗು ನೆಲದಲ್ಲಿ ನಕ್ಷತ್ರ ಮೂಗಿನ ಮೋಲ್ ಇದೆ. ಮೂಗಿನ ತುದಿಯಲ್ಲಿ ಸುತ್ತಲೂ 22 ಗುಲಾಬಿ ಎಳೆಗಳು, ಪುಟ್ಟ ಬೆರಳುಗಳ ಹಾಗೆ. ಇಡೀ ನಕ್ಷತ್ರ ನಮ್ಮ ಕಿರುಬೆರಳ ತುದಿಯಷ್ಟು. ಅಷ್ಟರಲ್ಲೇ ಸುಮಾರು 25,000 ಸ್ಪರ್ಶದ ಬಿಂದುಗಳು. ಕರೆಂಟ್ ಹೋದಾಗ ನಾವು ಕಪಾಟಿನಲ್ಲಿ ಮೇಣದಬತ್ತಿ ತಡಕುತ್ತೇವಲ್ಲ, ಇದು ಬಿಲದಲ್ಲಿ ಹಾಗೆ ತಡಕುತ್ತದೆ, ಆದರೆ ಎಂಥ ವೇಗ! ಹುಳು ತಾಗಿ, ತಿನ್ನಬಹುದು ಎಂದು ಗೊತ್ತಾಗಿ, ಬಾಯಿಗೆ ಹೋಗಲು ಕೆಲವೊಮ್ಮೆ 120 ಮಿಲಿಸೆಕೆಂಡ್ ಸಾಕು. ಇದನ್ನು ಅಳೆದವರು ಅಮೆರಿಕದ ವಿಜ್ಞಾನಿ ಕೆನೆತ್ ಕಟಾನಿಯಾ. ನೀರಿನೊಳಗೆ ಅದು ಮೂಗಿನಿಂದ ಗುಳ್ಳೆ ಬಿಟ್ಟು, ಅದೇ ಗುಳ್ಳೆಯನ್ನು ಒಳಗೆಳೆದು ವಾಸನೆ ಹಿಡಿಯುತ್ತದೆ ಎಂದು 2006ರಲ್ಲಿ ತೋರಿಸಿದವರೂ ಅವರೇ. ಇಷ್ಟೆಲ್ಲ ಯಾಕೆ? ಹೊಟ್ಟೆಗಾಗಿ. ಮೋಲ್‌ಗಳು ತಿನ್ನದೆ ಹೆಚ್ಚು ಹೊತ್ತು ಬದುಕಲಾರವು.

ಈಗ ಮುಂಬೈಗೆ ಬನ್ನಿ. ಮಳೆಗಾಲದಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಆಸುಪಾಸಿನಲ್ಲಿ ಅಟ್ಲಾಸ್ ಪತಂಗ ಕಾಣುತ್ತದೆ. ರೆಕ್ಕೆ ಬಿಚ್ಚಿದರೆ ಊಟದ ತಟ್ಟೆಯಷ್ಟು ಅಗಲ. ರೆಕ್ಕೆಯ ತುದಿ ಹಾವಿನ ತಲೆಯ ಹಾಗೆ. ಅದಕ್ಕೆ ತಿನ್ನಲು ಬಾಯಿಯೇ ಇಲ್ಲ! ಕಂಬಳಿಹುಳುವಾಗಿದ್ದಾಗ ಎಲೆ ಮೇಯ್ದು ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕು. ಹೆಣ್ಣು ಗೂಡಿನ ಹತ್ತಿರವೇ ಕೂತು ಗಾಳಿಗೆ ವಾಸನೆ ಬಿಡುತ್ತದೆ. ಗಂಡು ಗರಿಯಂಥ ಮೀಸೆಯಲ್ಲಿ ಆ ವಾಸನೆ ಹಿಡಿದು ಕತ್ತಲಲ್ಲಿ ಹುಡುಕಿಕೊಂಡು ಬರುತ್ತದೆ. ಅಲ್ಲಿ ಹಸಿವೇ ಎಲ್ಲ, ಇಲ್ಲಿ ಹಸಿವಿಗೆ ಜಾಗವೇ ಇಲ್ಲ.

ಕಣ್ಣು ಇಬ್ಬರಿಗೂ ಇದೆ. ಮೋಲ್‌ನದು ಸಾಸಿವೆಯಷ್ಟು, ಕೆಲಸವೂ ಅಷ್ಟಕ್ಕಷ್ಟೇ. ಪತಂಗಕ್ಕೆ ಚೆನ್ನಾಗಿಯೇ ಕಾಣುತ್ತದೆ, ತೊಂದರೆಯೂ ಅಲ್ಲೇ. ನಮ್ಮ ದೀಪ ಕಂಡರೆ ಅಲ್ಲೇ ಸುತ್ತುತ್ತಾ ಉಳಿದುಬಿಡುತ್ತದೆ. ಇರುವ ಕೆಲವೇ ರಾತ್ರಿಗಳಲ್ಲಿ ಒಂದು ರಾತ್ರಿ ಬಲ್ಬಿನ ಬುಡದಲ್ಲೇ ಹೋಯಿತು.

ಕಳೆದ ಜುಲೈನಲ್ಲಿ ನಮ್ಮ ಕಟ್ಟಡದ ಮೆಟ್ಟಿಲ ಗೋಡೆಗೆ ಒಂದು ಅಟ್ಲಾಸ್ ಪತಂಗ ಬಂದು ಕೂತಿತ್ತು. ವಾಚ್‌ಮನ್ ಪೊರಕೆ ತಂದರು. "ಭಾವು, ಬೇಡ" ಅಂದೆ. ಬಾಯಿ ಇಲ್ಲ, ಕಚ್ಚುವುದಿಲ್ಲ ಎಂದು ವಿವರಿಸಿದೆ. ಅವರು ಬಗ್ಗಿ, ಹತ್ತಿರದಿಂದ ಸುಮಾರು ಹೊತ್ತು ನೋಡಿದರು. ಆಮೇಲೆ ತಾವೇ ಹೋಗಿ ಮೆಟ್ಟಿಲ ದೀಪ ಆರಿಸಿದರು. ಬೆಳಿಗ್ಗೆ ಗೋಡೆ ಖಾಲಿ ಇತ್ತು.