ಸಂಬಳ ಏರಿತು, ಇಎಸ್‌ಐ ತಪ್ಪಿತು

ತಿಂಗಳಿಗೆ 20,900 ರೂಪಾಯಿ ದುಡಿಯುವ ಕಾರ್ಮಿಕರ ಸಂಬಳದಿಂದ ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಗೆ, ಹೋಗುವುದು 157 ರೂಪಾಯಿ. ಮಾಲೀಕರು 680 ಸೇರಿಸುತ್ತಾರೆ. ಅಷ್ಟರಲ್ಲಿ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ಸಿಗುತ್ತದೆ. ಅದೇ ಸಂಬಳ 21,100 ಆದರೆ ಕಡಿತವೂ ನಿಲ್ಲುತ್ತದೆ, ಆಸ್ಪತ್ರೆಯ ಬಾಗಿಲೂ ಮುಚ್ಚುತ್ತದೆ. 200 ರೂಪಾಯಿಯ ಏರಿಕೆಗೆ ಇದು ದುಬಾರಿ ಬೆಲೆ.

1948ರ ಕಾಯ್ದೆಯಂತೆ 1952ರಲ್ಲಿ ಕಾನ್ಪುರ, ದೆಹಲಿಯಲ್ಲಿ ಯೋಜನೆ ಆರಂಭವಾದಾಗ ವೇತನ ಮಿತಿ ತಿಂಗಳಿಗೆ 400 ರೂಪಾಯಿ; ಅದಕ್ಕಿಂತ ಹೆಚ್ಚು ದುಡಿಯುವವರು ಹೊರಗೆ. 2010ರ ಹೊತ್ತಿಗೆ 15,000. ನಡುವಿನ ದಶಕಗಳಲ್ಲಿ ಮಿತಿ ಏರುತ್ತಲೇ ಇತ್ತು, ಆದರೆ ಬೆಲೆಗಳ ಹಿಂದೆ ಏದುಸಿರು ಬಿಡುತ್ತ. 2017ರ ಜನವರಿಯಲ್ಲಿ ಅದು 21,000ಕ್ಕೆ ಬಂತು. ಆಮೇಲಿನ ವರ್ಷಗಳಲ್ಲಿ ಕನಿಷ್ಠ ವೇತನ, ತುಟ್ಟಿಭತ್ಯೆ ಏರಿದವು, ಮಿತಿ ಕದಲಲಿಲ್ಲ. 2019ರ ಜುಲೈನಲ್ಲಿ ಕಾರ್ಮಿಕರು, ಮಾಲೀಕರು ಕಟ್ಟುವ ವಂತಿಗೆಯ ಒಟ್ಟು ದರ ಶೇ 6.5ರಿಂದ ಶೇ 4ಕ್ಕೆ ಇಳಿಯಿತು. ಒಳಗಿದ್ದವರ ಹೊರೆ ತಗ್ಗಿತು. ಹೊರಬಿದ್ದವರಿಗೆ ಅದರಿಂದ ಏನೂ ಸಿಗಲಿಲ್ಲ.

ಮಿತಿ ದಾಟಿದ ದಿನವೇ ಕಾರ್ಡ್ ರದ್ದಾಗುವುದಿಲ್ಲ. ವಂತಿಗೆ ಅವಧಿಗಳು ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ ಏರಿದರೆ ಅದು ಮುಗಿಯುವವರೆಗೂ, ಏರಿದ ಸಂಬಳದ ಮೇಲೆಯೇ, ವಂತಿಗೆ ಕಟ್ಟಬೇಕು. ಅದರ ಸೌಲಭ್ಯ ಅವಧಿ ಮುಗಿದ ಮೂರು ತಿಂಗಳ ನಂತರದ ಆರು ತಿಂಗಳಿಗೆ ಸಿಗುತ್ತದೆ. ಹಾಗಾಗಿ ಏಪ್ರಿಲ್ 1ಕ್ಕೇ ಸಂಬಳ ಏರಿದವರ ವಂತಿಗೆ ಮಾರ್ಚ್‌ಗೇ ನಿಂತು ಸೌಲಭ್ಯ ಡಿಸೆಂಬರ್‌ಗೆ ಮುಗಿದರೆ, ಮೇ ತಿಂಗಳಲ್ಲಿ ಏರಿದವರದು ಮರುವರ್ಷದ ಜೂನ್‌ವರೆಗೆ ನಡೆಯುತ್ತದೆ. ಒಂದು ತಿಂಗಳು ತಡವಾದದ್ದಕ್ಕೆ ಅರ್ಧ ವರ್ಷದ ಲಾಭ! ಓವರ್‌ಟೈಮ್‌ದು ಇನ್ನೊಂದು ವಿಚಿತ್ರ: 1948ರ ಕಾಯ್ದೆಯಡಿ ಮಿತಿ ನೋಡುವಾಗ ಅದು ಲೆಕ್ಕಕ್ಕಿರಲಿಲ್ಲ, ವಂತಿಗೆ ಮುರಿಯುವಾಗ ಇತ್ತು. ಈ ಲೆಕ್ಕ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ.

ಹೊರಬಿದ್ದವರ ಮುಂದಿರುವುದು ಖಾಸಗಿ ವಿಮೆ. ಇಎಸ್‌ಐ ವಂತಿಗೆ ಸಂಬಳ ನೋಡುತ್ತದೆ. ಖಾಸಗಿ ಕಂತು ವಯಸ್ಸು ನೋಡುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ ಇದ್ದರೆ ಕಂತು ಏರುತ್ತದೆ. ಹಳೆಯ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು.

ನಿವೃತ್ತರ ವಿಷಯದಲ್ಲಿ ಯೋಜನೆ ನಡೆಸುವ ಇಎಸ್‌ಐ ನಿಗಮ ಸ್ವಲ್ಪ ಸಡಿಲವಾಗಿದೆ. ಐದು ವರ್ಷ ವಿಮಾ ವ್ಯಾಪ್ತಿಯಲ್ಲಿ ದುಡಿದು ನಿವೃತ್ತರಾದವರಿಗೆ, ಅವರ ಸಂಗಾತಿಗೆ ವರ್ಷಕ್ಕೆ 120 ರೂಪಾಯಿಗೆ ಚಿಕಿತ್ಸೆ ಸಿಗುತ್ತದೆ. ನಿವೃತ್ತಿಗೆ ಮೊದಲೇ ಸಂಬಳ ಏರಿ ಹೊರಬಿದ್ದವರಿಗೆ ಅದು ಸಿಗುತ್ತಿರಲಿಲ್ಲ. 2017ರ ಏಪ್ರಿಲ್ ನಂತರ ನಿವೃತ್ತರಾದ ಅಂಥವರಿಗೂ, 30,000 ರೂಪಾಯಿವರೆಗಿನ ವೇತನದವರಾದರೆ, ಅದನ್ನು ಕೊಡಲು 2024ರಲ್ಲಿ ತೀರ್ಮಾನವಾಯಿತು. ಕೆಲಸದಲ್ಲಿರುವವರಿಗೆ ಆಗಲೂ ಇದ್ದದ್ದು 21,000ದ ಗೆರೆಯೇ.