ತುದಿ ಒಂದೇ, ತಂತಿ ಬೇರೆ

ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ಮಂಡಿಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಬೆನ್ನ ಹಿಂದೆ ಒಂಬತ್ತು ಪಿನ್ನಿನ ಪೋರ್ಟ್ ಇರುವುದುಂಟು. ಗೋಡೆಯ ಮೇಲೆ ನೆಟ್‌ವರ್ಕ್ ಸ್ವಿಚ್ಚು. ಇವೆರಡರ ನಡುವೆ ಯಾವ ಕೇಬಲ್ ಎಂದು ಕೇಳಿದರೆ ಅಂಗಡಿಗೊಂದು ಉತ್ತರ. ಈ ಗೋಜಲಿಗೆ ಅರವತ್ತು ವರ್ಷ ದಾಟಿದೆ.

ಆ ಪೋರ್ಟಿನ ಹಿಂದಿರುವುದು ಆರ್‌ಎಸ್-232, ಅಂದರೆ ಮಾಹಿತಿಯನ್ನು ಒಂದೊಂದೇ ಬಿಟ್ಟಾಗಿ ಸಾಲಾಗಿ (ಸೀರಿಯಲ್ ಆಗಿ) ಕಳಿಸುವ ಕ್ರಮ. 1960ರಲ್ಲಿ ಅಮೆರಿಕದಲ್ಲಿ ಅದು ರೂಪುಗೊಂಡಾಗ ಒಂದು ತುದಿಗೆ ಟೈಪ್ ಮಾಡುವ ಟರ್ಮಿನಲ್, ಇನ್ನೊಂದಕ್ಕೆ ಫೋನ್ ತಂತಿಗೆ ಸೇರಿಸುವ ಮೋಡೆಮ್ ಇರುತ್ತವೆ ಎಂದೇ ಲೆಕ್ಕ. ಮುಂದೆ ಕಂಪ್ಯೂಟರ್‌ಗೆ ಕಂಪ್ಯೂಟರೇ ಎದುರಾಯಿತು. ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡಹೊರಟರೆ ಕೇಳುವವರು ಯಾರು? ತಂತಿ ಅದಲುಬದಲು ಮಾಡಿದ ‘ನಲ್ ಮೋಡೆಮ್’ ಕೇಬಲ್ ಹುಟ್ಟಿದ್ದು ಹಾಗೆ. 1984ರ ಐಬಿಎಂ ಪಿಸಿ/ಎಟಿ ಒಂಬತ್ತು ಪಿನ್ ತಂದಿತು. ಇಪ್ಪತ್ತೈದು ಪಿನ್ನಿನಲ್ಲಿ ಕಂಪ್ಯೂಟರ್ ಕಳಿಸುತ್ತಿದ್ದದ್ದು 2ರಲ್ಲಿ, ಇಲ್ಲಿ 3ರಲ್ಲಿ. ಹಳೆಯ ರೂಢಿಯನ್ನೇ ಉಳಿಸಿಕೊಂಡಿದ್ದರೆ ಎಷ್ಟೋ ಜನರ ಮಧ್ಯಾಹ್ನಗಳು ಉಳಿಯುತ್ತಿದ್ದವು.

ನಿಜವಾದ ಪೇಚು ಶುರುವಾದದ್ದು ರೂಟರ್, ಸ್ವಿಚ್ಚುಗಳ ಕನ್ಸೋಲ್ ಪೋರ್ಟಿಗೂ (ಕಂಪ್ಯೂಟರ್ ಸೇರಿಸಿ ಅವುಗಳನ್ನು ಹೊಂದಿಸುವ ಸೀರಿಯಲ್ ಪೋರ್ಟ್) ಈಥರ್‌ನೆಟ್ ಎಂಬ ನೆಟ್‌ವರ್ಕ್ ತಂತಿಯ ಎಂಟು ಪಿನ್ನಿನ ತುದಿ ಆರ್‌ಜೆ45 ಬಂದ ಮೇಲೆ. ಸಿಸ್ಕೊ ಪೆಟ್ಟಿಗೆಯೊಂದಿಗೆ ಬರುತ್ತಿದ್ದ ತಿಳಿನೀಲಿ ಚಪ್ಪಟೆ ಕೇಬಲ್ಲಿನಲ್ಲಿ 1ನೇ ತಂತಿ 8ಕ್ಕೆ, 2 ಏಳಕ್ಕೆ, ಹೀಗೆ ಪೂರ್ತಿ ಮಗುಚಿರುತ್ತದೆ. ತುದಿ ಮಾತ್ರ ಈಥರ್‌ನೆಟ್ಟಿನದೇ. ಬೇರೆ ತಯಾರಕರಲ್ಲಿ ಪಿನ್ನುಗಳ ಕ್ರಮವೂ ಬೇರೆ ಇರಬಹುದು. ಅಷ್ಟರಲ್ಲಿ ಲ್ಯಾಪ್‌ಟಾಪ್‌ಗಳಿಂದ ಸೀರಿಯಲ್ ಪೋರ್ಟೇ ಮಾಯವಾಯಿತು. ಯುಎಸ್‌ಬಿ ಪರಿವರ್ತಕ, ಅದರ ಡ್ರೈವರ್ ಎಂದು ಮತ್ತೆರಡು ಅನುಮಾನ ಸೇರಿಕೊಂಡವು.

ಮಂಡಿಯಲ್ಲಿ ಆಗುವ ಎಡವಟ್ಟು ಇದೇ: ತಕ್ಕಡಿಯ ತಂತಿಗೆ ಆರ್‌ಜೆ45 ಕ್ರಿಂಪ್ ಮಾಡಿ ನೇರ ಸ್ವಿಚ್ಚಿಗೆ ತುರುಕುವುದು. ತುದಿ ಕಟಕ್ಕೆಂದು ಕೂರುತ್ತದೆ, ತೂಕ ಬರುವುದಿಲ್ಲ. ಸೀರಿಯಲ್ಲಿನ ಮಾತು ಈಥರ್‌ನೆಟ್ಟಿಗೆ ತಿಳಿಯದು. ನಡುವೆ ದುಭಾಷಿಯಾಗಿ ಸೀರಿಯಲ್ ಡಿವೈಸ್ ಸರ್ವರ್ ಬೇಕು. ಅದಕ್ಕೂ ತಕ್ಕಡಿಗೂ ವೇಗ, ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್) ಒಂದೇ ಇರಬೇಕು. ಸೆಕೆಂಡಿಗೆ 9600 ಬಿಟ್ ವೇಗ, ಅಕ್ಷರಕ್ಕೆ 8 ಬಿಟ್, ಪ್ಯಾರಿಟಿ ಇಲ್ಲ, ಅಕ್ಷರ ಮುಗಿಯಿತೆನ್ನುವ 1 ಸ್ಟಾಪ್ ಬಿಟ್ ಎಂಬುದು ಬಹಳ ಕಡೆಯ ರೂಢಿ. ಪರದೆಯಲ್ಲಿ ಚಿತ್ರವಿಚಿತ್ರ ಅಕ್ಷರ ಬಂದರೆ ಮೊದಲು ವೇಗ ನೋಡಿ. ಏನೂ ಬರದಿದ್ದರೆ ತಂತಿ ನೋಡಿ. ಪರಿವರ್ತಕದ ಮೇಲೆ ಸಂಶಯವೇ? ಫ್ಲೋ ಕಂಟ್ರೋಲ್ (ಕಳಿಸುವುದನ್ನು ತಡೆದು ಬಿಡುವ ವ್ಯವಸ್ಥೆ) ಆಫ್ ಮಾಡಿ, ಅದರ 2 ಮತ್ತು 3ನೇ ಪಿನ್ನುಗಳಿಗೆ ಸಣ್ಣ ತಂತಿ ಸುತ್ತಿ ಕಂಪ್ಯೂಟರಿನ ಟರ್ಮಿನಲ್ ತಂತ್ರಾಂಶದಲ್ಲಿ ಟೈಪ್ ಮಾಡಿ. ಹೊಡೆದ ಅಕ್ಷರವೇ ಮರಳಿ ಬಂದರೆ ಅದು ಸರಿಯಿದೆ.

ಮಲೆನಾಡಿನ ಕಾಟ ಬೇರೆಯೇ. ಮಳೆಗಾಲದ ತೇವಕ್ಕೆ ಪಿನ್ನಿಗೆ ಕಿಲುಬು. ಅಡಿಕೆ ಅಂಗಳದಿಂದ ಕಚೇರಿಯವರೆಗೆ ಎಳೆದ ಉದ್ದದ ತಂತಿಗೆ ಏಪ್ರಿಲ್-ಮೇ ತಿಂಗಳ ಸಿಡಿಲು. ಆರ್‌ಎಸ್-232ಕ್ಕೆ ಹದಿನೈದು ಮೀಟರ್ ಎಂಬುದು ಹಳೆಯ ಅಂದಾಜು. ಎರಡೂ ತುದಿಯ ಗ್ರೌಂಡ್ ಒಂದೇ ತಂತಿಯಲ್ಲಿ ಬೆಸೆದಿರುವುದರಿಂದ ಹೊಡೆತ ಸುಲಭವಾಗಿ ಒಳಕ್ಕೆ ಹೋಗುತ್ತದೆ. ಅದೇ ಬಗೆಯ, ದೂರಕ್ಕೆ ಒಗ್ಗುವ ಆರ್‌ಎಸ್-485 ಆದರೆ ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಸಾಗುತ್ತದೆ. ಜತೆಗೆ ಆಪ್ಟಿಕಲ್ ಐಸೊಲೇಟರ್ (ವಿದ್ಯುತ್ ಸಂಪರ್ಕವಿಲ್ಲದೆ ಬೆಳಕಿನಿಂದ ಸಂಕೇತ ದಾಟಿಸುವ ಸಾಧನ) ಇದ್ದರೆ ವಾಸಿ. ಇಷ್ಟೆಲ್ಲ ಗೊತ್ತಿದ್ದವರೂ ಮೊದಲ ಗುಡುಗಿಗೆ ತಂತಿ ಕಿತ್ತು ಪಕ್ಕಕ್ಕಿಡುತ್ತಾರೆ.