ಪುಕ್ಕಟೆ ಪಿಚ್ಚರ್ ಮತ್ತು ‘ಅಲೋ’ ಬಟನ್

ಹೋದ ವಾರ ಹುಬ್ಬಳ್ಳಿಯ ನಮ್ಮ ರಿಪೇರಿ ಅಂಗಡಿಗೆ ಗದಗದ ಹುಡುಗನೊಬ್ಬ ಬಂದಿದ್ದ. ಫೋನ್ ಟೇಬಲ್ ಮೇಲಿಟ್ಟ. ನಿಮಿಷಕ್ಕೊಂದು ಟಿಣ್. ‘ನಿಮ್ಮ ಫೋನಿನಲ್ಲಿ 13 ವೈರಸ್ ಇವೆ’, ‘ಬಹುಮಾನ ಬಂದಿದೆ’.

“ಏನೂ ಮಾಡಿಲ್ರೀ ಸರ, ಸುಮ್ನ ಪಿಚ್ಚರ್ ನೋಡೀನಿ ಅಷ್ಟ” ಅಂದ.

ನೋಡಲು ಹೋಗಿದ್ದು ಪಿಚ್ಚರ್ ಕದ್ದು ಪುಕ್ಕಟೆ ತೋರಿಸುವ ಸೈಟಿಗೆ. ಪಿಚ್ಚರ್ ಶುರುವಾಗುವ ಮೊದಲು ಆ ಸೈಟ್ ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ’ ಎಂದಿತ್ತು. ಒತ್ತಿದ್ದ. ಅದು ನೋಟಿಫಿಕೇಶನ್ ಕಳಿಸಲು ಕೊಟ್ಟ ಪರ್ಮಿಷನ್, ಅಷ್ಟೇ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ತೆರೆದರೆ, ಹೆಸರು ಓದಲೂ ಬಾರದ ಏಳು ಸೈಟ್‌ಗಳು ಸಾಲಾಗಿ ಕೂತಿದ್ದವು. ಬ್ಲಾಕ್ ಮಾಡಿದೆ. ಟಿಣ್ ನಿಂತಿತು. ವೈರಸ್ ಒಂದೂ ಇರಲಿಲ್ಲ.

ಇಂಥ ಸೈಟ್‌ಗಳಿಗೆ ದುಡ್ಡು ಬರೋದು ಜಾಹೀರಾತಿನಿಂದ. ಒಳ್ಳೆಯ ಕಂಪನಿಗಳು ಕಳ್ಳ ಸೈಟಿಗೆ ಜಾಹೀರಾತು ಕೊಡಲ್ಲ, ಅಲ್ವಾ? ಹಾಗಾಗಿ ಯಾರು ಕೊಟ್ಟರೂ ಹಾಕಿಕೊಳ್ಳುತ್ತಾರೆ, ಮೋಸಗಾರರದ್ದೂ ಸೇರಿ. ಪ್ಲೇ ಬಟನ್ ಮೇಲೆ ಕಣ್ಣಿಗೆ ಕಾಣದ ಲಿಂಕ್ ಹಾಸಿರುತ್ತಾರೆ. ಮೊದಲ ಒತ್ತು ಜಾಹೀರಾತಿಗೇ ಹೋಗುತ್ತದೆ.

ನನಗೆ ನಿಜವಾಗಿ ಹೆದರಿಕೆ ಇರೋದು ‘ಪ್ಲೇಯರ್ ಅಪ್‌ಡೇಟ್ ಮಾಡಿ’ ಅಂತ ಇಳಿಯುವ ಎಪಿಕೆ ಫೈಲ್ ಬಗ್ಗೆ, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಫೋನಿಗೆ ಹಾಕಿಕೊಳ್ಳುವ ಆ್ಯಪ್ ಫೈಲ್. ಹಾವೇರಿಯ ಕಾಕಾ ಒಬ್ಬರು ಅದನ್ನು ಹಾಕಿಕೊಂಡಿದ್ದರು. ಅದು ಎಸ್‌ಎಂಎಸ್ ಓದಲು ಪರ್ಮಿಷನ್ ಕೇಳಿತ್ತು, ಆ್ಯಕ್ಸೆಸಿಬಿಲಿಟಿ ಕೂಡ. ಪಿಚ್ಚರ್ ತೋರಿಸೋಕೆ ಎಸ್‌ಎಂಎಸ್ ಯಾಕೆ ಬೇಕು? ಓಟಿಪಿಗೆ. ಆ್ಯಕ್ಸೆಸಿಬಿಲಿಟಿ ಇರೋದು ಕಣ್ಣು ಕಾಣದವರಂಥವರ ಅನುಕೂಲಕ್ಕೆ. ಅದು ಕಳ್ಳ ಆ್ಯಪ್ ಕೈಗೆ ಸಿಕ್ಕರೆ ನಿಮ್ಮ ಸ್ಕ್ರೀನ್ ಓದುತ್ತದೆ, ನಿಮ್ಮ ಬದಲು ತಾನೇ ಬಟನ್ ಒತ್ತುತ್ತದೆ. ತೆಗೆಯಲು ಹೋದರೆ ಸೆಟ್ಟಿಂಗ್ಸನ್ನೇ ಮುಚ್ಚಿಬಿಡುತ್ತದೆ.

ಕಾಕಾರ ಫೋನಿನಲ್ಲಿ ಆ್ಯಪ್‌ಗೆ ಐಕಾನ್ ಕೂಡ ಇರಲಿಲ್ಲ. ನೆಟ್ ಬಂದ್ ಮಾಡಿ, ಹೊರಗಿನಿಂದ ಹಾಕಿದ ಆ್ಯಪ್‌ಗಳು ಓಡದ ಸೇಫ್ ಮೋಡ್‌ಗೆ ಹಾಕಿ, ಆ್ಯಪ್‌ಗಳ ಪಟ್ಟಿಯಲ್ಲಿ ಹುಡುಕಿ ತೆಗೆದೆ. ಪಾಸ್‌ವರ್ಡ್‌ಗಳನ್ನು ಮಗಳ ಫೋನಿನಿಂದ ಬದಲಿಸಿದರು. ಕೆಟ್ಟ ಫೋನಿನಿಂದಲೇ ಬದಲಿಸಿದರೆ ಹೊಸದನ್ನೂ ಕಳ್ಳನಿಗೆ ಕೊಟ್ಟಂತೆ. ಆಮೇಲೆ ಫೋಟೋ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡೋದು. ದುಡ್ಡೇನಾದರೂ ಹೋಗಿದ್ದರೆ ನನ್ನ ಅಂಗಡಿಗೆ ಬರುವ ಮೊದಲೇ ಸೈಬರ್ ಮೋಸದ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು, ಬ್ಯಾಂಕಿಗೂ. ಬೇಗ ಹೇಳಿದಷ್ಟೂ ದುಡ್ಡು ತಡೆಯೋಕೆ ದಾರಿ ಜಾಸ್ತಿ.

ಕಾಕಾರದ್ದು ಹೋಗಿರಲಿಲ್ಲ. ಬ್ಯಾಂಕಿಗೆ ಕೊಟ್ಟ ನಂಬರ್ ಹಳೆಯ ಬಟನ್ ಫೋನಿನಲ್ಲಿತ್ತು, ಓಟಿಪಿ ಬರುತ್ತಿದ್ದುದೂ ಅಲ್ಲಿಗೇ.

“ಅಂತೂ ಪಿಚ್ಚರ್ ಹೆಂಗಿತ್ತು ಕಾಕಾ?” ಅಂತ ಕೇಳಿದೆ.

“ಎಲ್ಲೀದಪಾ, ಅದು ಶುರುನ ಆಗಲಿಲ್ಲ.”